ಎಡಗಡೆ ಸೀಟಿನ ಕೈ

ಮೂರನೇ ತಾರೀಖು, ಸೋಮವಾರ

ಪ್ರೀತಿಯ ಹಾರ್ನಮ್ಮ,

ಹೇಗಿದ್ದೀಯ? ಅಳಿಯಂದಿರ ಬೆನ್ನುನೋವು ಇಳಿಯಿತೇ? ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ, ನಾನು ಎದುರಾಡುವುದಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಹಾರ್ನಮ್ಮ ಎನ್ನುತ್ತೀರಲ್ಲ ಎಂದು ಮಾತ್ರ ಮುಖ ಊದಿಸಿಕೊಳ್ಳಬೇಡ. ತೊಟ್ಟಿಲಲ್ಲಿ ನೀನು ಒಂದು ಸಲ ಬಾಯಿ ತೆಗೆದರೆ ಬೀದಿಯಲ್ಲಿ ಹೋಗುವವರು ಪಕ್ಕಕ್ಕೆ ಸರಿಯುತ್ತಿದ್ದರು. ಹೆಸರು ನಾನು ಕೊಟ್ಟಿದ್ದಲ್ಲ, ನೀನೇ ಸಂಪಾದಿಸಿಕೊಂಡದ್ದು.

ಮನೆ ನೀನು ಬಿಟ್ಟುಹೋದ ಹಾಗೇ ಇದೆ. ಬಚ್ಚಲಿನ ನಲ್ಲಿ ಸೋರುತ್ತದೆ. ಮುಂಬಾಗಿಲ ಹಿಂದೆ ನಿನ್ನ ಅಮ್ಮ ಅಂಟಿಸಿದ ಚೀಟಿ ಹಾಗೇ ಇದೆ: 'ಗ್ಯಾಸ್ ಆರಿಸಿದ್ರಾ? ಕನ್ನಡಕ ತಗೊಂಡ್ರಾ?' ಅವಳು ಹೋಗಿ ಎಂಟು ತಿಂಗಳಾದ ಮೇಲೂ ಆ ಚೀಟಿ ನೋಡಿ ಮೆಟ್ಟಿದ ಚಪ್ಪಲಿ ಬಿಟ್ಟು ಒಳಗೆ ಓಡುತ್ತೇನೆ. ವಾರಕ್ಕೊಮ್ಮೆಯಾದರೂ ಒಲೆ ಉರಿಯುತ್ತಲೇ ಇರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಹಳೇ ಕೆಂಪು ಗಾಡಿಯನ್ನು ಯಾರಿಗಾದರೂ ಕೊಟ್ಟುಬಿಡಿ, ಓಡಿಸಲೇಬೇಕೆಂದರೆ ಅದರದೇ ಹೊಸ ಮಾಡೆಲ್ ಬಂದಿದೆಯಂತೆ, ತಾನೇ ಬ್ರೇಕ್ ಹಾಕುತ್ತದಂತೆ, ಓಡಿಸಿ ನೋಡಿ ಎಂದು ಬರೆದಿದ್ದೆ. ಕಲಿಯುವವರಿಗೆ ಬರೆಯುತ್ತಿದ್ದ ಹಾಗೆ ಎರಡು ಗಾಡಿಗೂ ಒಂದೊಂದು ಕಾರ್ಡ್ ಬರೆದು ಕಳಿಸಿ ಎಂದು ತಮಾಷೆ ಬೇರೆ. ಆ ಮಾತು ಓದಿ ನನಗೆ ನಗು ಬಂತು. ಎಂಟು ತಿಂಗಳಲ್ಲಿ ಬಂದ ನಗು ಅದೊಂದೇ.

ಆ ಕಾರ್ಡುಗಳು ನೆನಪಿವೆಯಲ್ಲ? ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದೆ, ಕಾರ್ಡ್ ಇಲ್ಲದೆ ಒಬ್ಬರಿಗೂ ಕಲಿಸಲಿಲ್ಲ. ಕ್ಲಚ್, ಗೇರ್, ಕನ್ನಡಿ, ತಿರುವು, ಧೈರ್ಯ, ಒಂದೊಂದಕ್ಕೂ ಒಂದೊಂದು ಸಾಲು. ಕೊನೆಯ ಸಾಲು 'ಮೇಷ್ಟ್ರು ಕೈ ಹಾಕಿದ್ದು'. ಕಲಿಯುವವರು ತಪ್ಪು ದಾರಿಗೆ ಹೋದಾಗ ನಾನು ಎಡಗಡೆ ಸೀಟಿನಿಂದ ಕೈ ಚಾಚಿ ಸ್ಟೇರಿಂಗ್ ಹಿಡಿಯಬೇಕಾಗಿ ಬಂದರೆ ಅಲ್ಲಿ ಒಂದು ಗೆರೆ. ನಾಲ್ಕು ಗೆರೆ ನಿಲ್ಲಿಸಿ, ಐದನೆಯದನ್ನು ಅಡ್ಡ ಎಳೆಯುವುದು. ಸತತ ಮೂರು ದಿನ ಆ ಸಾಲು ಖಾಲಿ ಇದ್ದರೆ ಮಾತ್ರ ಪರೀಕ್ಷೆಗೆ ಕಳಿಸುತ್ತಿದ್ದೆ. ಸಂಜೆ ನಿನ್ನ ಅಮ್ಮ ಊಟದ ಮೇಜಿನ ಮೇಲೆ ಕಾರ್ಡುಗಳನ್ನು ಹರಡಿಕೊಂಡು ಗೆರೆ ಕೂಡಿಸುತ್ತಿದ್ದಳು. "ಈ ಪುಣ್ಯಾತ್ಗಿತ್ತಿ ಇವತ್ತು ಇಪ್ಪತ್ತೆರಡು ಸಲ ನಿಮ್ಮನ್ನ ಮೇಲಕ್ಕೆ ಕಳಿಸೋಕೆ ನೋಡಿದಾಳೆ ಕಣ್ರೀ" ಎಂದು ನಗುತ್ತಿದ್ದಳು.

ಮೊನ್ನೆ ಶುಕ್ರವಾರ ಬೆಳಿಗ್ಗೆ ಷೋರೂಮಿಗೆ ಹೋದೆ. ಗಾಡಿ ತೋರಿಸಲು ಬಂದವಳು ಯಾರು ಗೊತ್ತೇ? ನಮ್ಮ 'ಪಾಸಾಗ್ತೀನಾ'! ಹತ್ತು ವರ್ಷದ ಹಿಂದೆ ನನ್ನ ಹತ್ತಿರ ಕಲಿತವಳು. ದಿನಾ ಇಳಿಯುವಾಗ "ಪಾಸಾಗ್ತೀನಾ ಸಾರ್?" ಎಂದು ಕೇಳಿ ತಲೆ ತಿನ್ನುತ್ತಿದ್ದಳು ಎಂದು ನಿನ್ನ ಅಮ್ಮನೇ ಇಟ್ಟ ಹೆಸರು. ಈಗ ಕಪ್ಪು ಕೋಟು, ಕತ್ತಿನಲ್ಲಿ ಗುರುತಿನ ಚೀಟಿ. ನನ್ನನ್ನು ಕಂಡು ಓಡಿಬಂದು, ಅಮ್ಮನ ವಿಷಯ ಕೇಳಿ ಕಣ್ಣಲ್ಲಿ ನೀರು ಹಾಕಿದಳು.

ಸರಿ, ಹೋಲಿಕೆ. ನಮ್ಮದರಲ್ಲಿ ಕೂರುವುದೆಂದರೆ ಬಾವಿಗೆ ಇಳಿದ ಹಾಗೆ, ಏಳುವಾಗ ದೇವರನ್ನು ಕೂಗಬೇಕು. ಹೊಸದರಲ್ಲಿ ಸೀಟೇ ಎದ್ದು ಬಂದು ಕೂರಿಸಿಕೊಳ್ಳುತ್ತದೆ. ನಮ್ಮದು ಕೀ ತಿರುಗಿಸಿದರೆ ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಗುಡುಗುತ್ತದೆ. ಇದಕ್ಕೆ ಒಂದು ಗುಂಡಿ ಒತ್ತಿದರಾಯಿತು. ಸದ್ದೇನೋ ಜೋರಾಗಿಯೇ ಇದೆ, ಆದರೆ ಕೇಳು, ಅದರಲ್ಲಿ ಅರ್ಧ ಸ್ಪೀಕರಿನಿಂದ ಬರುತ್ತದಂತೆ! ಇಂಜಿನ್ ಅಷ್ಟು ಗದ್ದಲ ಮಾಡುವುದಿಲ್ಲವೆಂದು ಕಂಪನಿಯವರೇ ಸದ್ದು ಸೇರಿಸಿದ್ದಾರೆ. ನನಗೆ ಅಲ್ಲೇ ಪಿತ್ತ ನೆತ್ತಿಗೇರಿತು. ಕ್ಲಚ್ ಇಲ್ಲ, ಎಡಗಾಲಿಗೆ ನಿವೃತ್ತಿ. ಗೇರಿನ ಕೋಲು ಇದ್ದ ಜಾಗದಲ್ಲಿ ನೀರಿನ ಬಾಟಲಿ ಇಡುವ ತೂತು. ಸ್ಟೇರಿಂಗಿನ ಹಿಂದೆ ಕಿವಿಯ ಹಾಗೆ ಎರಡು ಪಟ್ಟಿ, ಅದನ್ನು ಎಳೆದರೆ ಗೇರ್ ಬದಲಾಗುತ್ತದೆ.

ಓಟದ ಮಾತಿಗೆ ಬಂದರೆ ಸುಳ್ಳು ಹೇಳಲಾರೆ. ಹೊಸದು ನಮ್ಮದಕ್ಕಿಂತ ನಾನೂರು ಕಿಲೋ ಭಾರ, ಆದರೂ ಕಾಲಿಟ್ಟ ಕೂಡಲೇ ಬೆನ್ನು ಸೀಟಿಗೆ ಅಂಟಿಹೋಯಿತು. ತಿರುವಿನಲ್ಲಿ ನಮ್ಮದರ ಹಿಂಭಾಗ ಸ್ವಲ್ಪ ಜಾರುತ್ತದೆ, ನಾವು ಹಿಡಿದುಕೊಳ್ಳಬೇಕು. ಇದು ಹಳಿಯ ಮೇಲಿಟ್ಟ ಹಾಗೆ ಹೋಗುತ್ತದೆ. ಆದರೆ ನಮ್ಮದರಲ್ಲಿ ರಸ್ತೆಯ ಒಂದೊಂದು ಕಲ್ಲೂ ಅಂಗೈಗೆ ತಿಳಿಯುತ್ತದೆ. ಇದರಲ್ಲಿ ರಸ್ತೆ ಎಂಬುದೇ ಇಲ್ಲ, ಟೀವಿ ನೋಡಿದ ಹಾಗೆ. ನಿನಗೆ ಗೊತ್ತಲ್ಲ, ಮೂವತ್ತೊಂದು ವರ್ಷ ನಾನು ಬೇರೆಯವರ ಎರಡನೇ ಗೇರಿನಲ್ಲಿ ಬದುಕಿದವನು. ಸ್ಕೂಲ್ ಮುಚ್ಚಿದ ಮೇಲೆ ಎರಡೇ ಸೀಟಿನ, ಪಕ್ಕದಲ್ಲಿ ಇನ್ನೊಂದು ಬ್ರೇಕ್ ಇಲ್ಲದ, ನಾನೇ ಓಡಿಸುವ ಗಾಡಿ ಬೇಕೆಂದು ಆಸೆಪಟ್ಟು ತಂದದ್ದು ಅದು. "ಎರಡೇ ಸೀಟಾ? ಸದ್ಯ, ನೆಂಟರು ಹತ್ತೋ ಹಾಗಿಲ್ಲ" ಎಂದಿದ್ದಳು ನಿನ್ನ ಅಮ್ಮ.

ಹೊಸದರ ದೊಡ್ಡ ರೋಗ ಒಂದಿದೆ. ಅದು ಬಾಯಿ ಮುಚ್ಚಿಕೊಂಡು ಇರುವುದಿಲ್ಲ. ಕೀಂ ಎನ್ನುತ್ತದೆ, ಸ್ಟೇರಿಂಗ್ ನಡುಗಿಸುತ್ತದೆ, ಆಮೇಲೆ ನಮ್ಮ ಕೈಯಲ್ಲಿರುವ ಸ್ಟೇರಿಂಗನ್ನು ತಾನೇ ಎಡಕ್ಕೆ ಎಳೆಯುತ್ತದೆ! ಓಡಿಸುವವನು ನಾನೋ ಅದೋ? ಸ್ಟೇರಿಂಗಿಗೆ ಇನ್ನೊಬ್ಬರು ಕೈ ಹಾಕಿದರೆ ಏನಾಗುತ್ತದೆಂದು ನಮ್ಮ ಮನೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಮಧ್ಯಾಹ್ನ ನಿನ್ನ ಚಿಕ್ಕಮ್ಮನ ಮನೆಯಿಂದ ಬರುವಾಗ ಸೇತುವೆಯ ಮೇಲೆ ನಿನ್ನ ಅಮ್ಮ ಸುಮ್ಮನೆ ಹೆದರಿ ಸ್ಟೇರಿಂಗ್ ಎಳೆಯದಿದ್ದರೆ, ಗಾಡಿ ಎಡಗಡೆಯ ಗೋಡೆಗೆ ಬಡಿಯದಿದ್ದರೆ, ಅವಳು ಆ ಹನ್ನೊಂದು ದಿನ ಆಸ್ಪತ್ರೆಯಲ್ಲಿ ನರಳದಿದ್ದರೆ... ಇರಲಿ. ಆ ಮಾತು ನೀನೂ ನಾನೂ ಸಾಕಷ್ಟು ಆಡಿದ್ದೇವೆ.

ಆದ್ದರಿಂದ ನನ್ನ ತೀರ್ಪು: ಹಳೆಯದು ಪಾಸು, ಹೊಸದು ಫೇಲು. ಕಾರ್ಡ್ ಆಮೇಲೆ ಬರೆಯುತ್ತೇನೆ. ಕೈ ನೋಯುತ್ತಿದೆ.

ಹದಿನೈದನೇ ತಾರೀಖು, ಶನಿವಾರ

ಮಗಳೇ,

ಮೇಲಿನದನ್ನು ಬರೆದು ಹನ್ನೆರಡು ದಿನವಾಯಿತು. ಅಂಚೆಗೆ ಹಾಕಲಿಲ್ಲ. ಹರಿದು ಬೇರೆ ಬರೆಯೋಣವೆಂದುಕೊಂಡೆ, ಆಮೇಲೆ ಬೇಡ ಎನಿಸಿತು. ನಿನ್ನ ಅಪ್ಪ ಎಂಥವನು ಎಂದು ತಿಳಿಯಲು ನಿನಗೆ ಆ ಹಾಳೆಗಳೂ ಬೇಕು. ಅಲ್ಲಿ ಬರೆದ ಗಾಡಿಯ ವಿಷಯವೆಲ್ಲ ನಿಜ. ಆವತ್ತು ನಡೆದದ್ದನ್ನು ಮಾತ್ರ ಅರ್ಧಕ್ಕೆ ನಿಲ್ಲಿಸಿದ್ದೆ.

ಗಾಡಿ ಮತ್ತೆ ಮತ್ತೆ ಸ್ಟೇರಿಂಗ್ ಎಳೆಯುತ್ತಲೇ ಇದ್ದಾಗ ನಾನು ರೇಗಿದೆ. "ಇದಕ್ಕೆ ಏನೋ ಕಾಯಿಲೆ ಕಣಮ್ಮ, ಸುಮ್ಮಸುಮ್ಮನೆ ಎಡಕ್ಕೆ ಎಳೀತಿದೆ" ಎಂದೆ.

ಪಾಸಾಗ್ತೀನಾ, "ಗಾಡಿ ಸರಿಯಾಗೇ ಇದೆ ಸಾರ್. ಮಧ್ಯದ ಗೆರೆ ದಾಟಿದಾಗ ಮಾತ್ರ ಎಳೆಯುತ್ತೆ" ಎಂದಳು.

"ನಾನೆಲ್ಲಿ ದಾಟಿದೆ?"

ಅವಳು ತನ್ನ ಮೊಣಕಾಲ ಮೇಲಿದ್ದ ಷೋರೂಮಿನ ಫಾರಂ ನೋಡುತ್ತಾ ಕೂತಳು.

"ಇದನ್ನ ಆರಿಸೋಕಾಗುತ್ತಾ?"

"ಆಗುತ್ತೆ ಸಾರ್, ಆದ್ರೆ..."

"ಆದ್ರೆಗೀದ್ರೆ ಬೇಡ. ಆರಿಸು. ನಾನು ಓಡಿಸೋದು ಹೇಗೆ ಅಂತ ನೋಡು."

ಆರಿಸಿದಳು. ಗೋದಾಮುಗಳ ಸಾಲಿನ ನೇರ ರಸ್ತೆ, ಬೆಳಿಗ್ಗೆ ಹನ್ನೊಂದರ ಬಿಸಿಲು, ಎದುರಿಗೆ ಒಂದು ನಾಯಿಯೂ ಇಲ್ಲ. ಇಲ್ಲ ಎಂದು ನಾನು ಅಂದುಕೊಂಡಿದ್ದೆ. ನಾಲ್ಕು ನಿಮಿಷ ಹೋಗಿರಬೇಕು. "ಸಾರ್!" ಎಂದು ಅವಳು ಕಿರುಚಿದಳು. ಅವಳ ಬಲಗೈ ಬಂದು ಸ್ಟೇರಿಂಗ್ ಹಿಡಿದು ಎಡಕ್ಕೆ ಎಳೆಯಿತು. ನನ್ನ ಬಲಗಡೆಯ ಕಿಟಕಿಗೆ ಉಜ್ಜಿಕೊಂಡ ಹಾಗೆ ಒಂದು ಲಾರಿ ಹಾರ್ನ್ ಬಾರಿಸುತ್ತಾ ಹೋಯಿತು. ಪೂರ್ತಿ ಲಾರಿ, ಮಗಳೇ. ಆರು ಚಕ್ರದ್ದು, ಮೇಲೆ ನೀಲಿ ಟಾರ್ಪಾಲು. ಅದು ದಾಟಿಹೋಗುವವರೆಗೂ ನನಗೆ ಕಂಡಿರಲಿಲ್ಲ.

ಗಾಡಿ ನಿಲ್ಲಿಸಿದೆ. ಮಾಡಿದ ಮೊದಲ ಕೆಲಸವೇನು ಗೊತ್ತೇ? ಅವಳ ಮೇಲೆ ಕೂಗಾಡಿದ್ದು. "ಸ್ಟೇರಿಂಗಿಗೆ ಕೈ ಹಾಕ್ತೀಯಾ? ಬುದ್ಧಿ ಇದೆಯಾ ನಿನಗೆ?" ಸೇತುವೆಯ ಮೇಲೆ, ಮುರಿದ ಬಾಗಿಲಿಗೆ ಒರಗಿಕೊಂಡಿದ್ದ ನಿನ್ನ ಅಮ್ಮನಿಗೂ ನಾನು ಅಂದದ್ದು ಅದೇ ಮಾತು. ಒಂದಕ್ಷರ ಆಚೀಚೆ ಇಲ್ಲ.

ಪಾಸಾಗ್ತೀನಾ ಅಳುತ್ತಲೇ ಹೇಳಿದಳು. "ನೀವೇ ಹೇಳ್ಕೊಟ್ಟಿದ್ದಲ್ವಾ ಸಾರ್? ಪಕ್ಕದ ಸೀಟಲ್ಲಿ ಕೂತೋರು ಸುಮ್ಮನೆ ಕೈ ಹಾಕಲ್ಲ, ಬೇರೆ ದಾರಿನೇ ಇಲ್ಲದಾಗ ಹಾಕ್ತಾರೆ ಅಂತ."

ಹೌದು, ನನ್ನದೇ ಮಾತು. ಕಲಿಯಲು ಬಂದ ಪ್ರತಿಯೊಬ್ಬರಿಗೂ ಮೊದಲ ದಿನ ಹೇಳುತ್ತಿದ್ದೆ.

ವಾಪಸ್ ಅವಳೇ ಓಡಿಸಿದಳು. ಇಳಿಯುವಾಗ ಆ ಫಾರಂ ಮಡಿಸಿ ಕೋಟಿನೊಳಗೆ ಇಟ್ಟುಕೊಳ್ಳಲು ನೋಡಿದಳು. "ತೋರಿಸು" ಎಂದೆ. "ಬೇಡ ಸಾರ್, ಏನೋ ಹಳೇ ಅಭ್ಯಾಸ" ಎಂದಳು. ಕಿತ್ತುಕೊಂಡು ನೋಡಿದೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೂರು ಕಟ್ಟು ಗೆರೆ, ಮೇಲೆ ಎರಡು. ನಲವತ್ತು ನಿಮಿಷದಲ್ಲಿ ಹದಿನೇಳು ಸಲ. ಅವುಗಳಲ್ಲಿ ಹದಿನಾರು ಗಾಡಿ ಎಳೆದದ್ದು, ಒಂದು ಅವಳದು. ನನ್ನ ಹತ್ತಿರ ಹದಿನೇಳು ಗೆರೆಯವರಿದ್ದರೆ ನಾಳೆಯಿಂದ ಮತ್ತೆ ಮೈದಾನದಲ್ಲೇ ಸುತ್ತು ಹಾಕಿ ಎನ್ನುತ್ತಿದ್ದೆ.

ಸೋಮವಾರ ಕೂತು ನಿನಗೆ ಆ ಸುಳ್ಳು ತೀರ್ಪು ಬರೆದೆ. ಮಂಗಳವಾರ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಒಂದು ಯಂತ್ರದೊಳಗೆ ಮುಖ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಕಂಡದ್ದಕ್ಕೆಲ್ಲ ಒತ್ತಿದೆ. ನೂರಕ್ಕೆ ನೂರು ಬಂತೆಂದು ಬೀಗುತ್ತಾ ಹೊರಬಂದೆ. ಅವರು ಕೊಟ್ಟ ಹಾಳೆಯಲ್ಲಿ ಬಲಗಡೆ ಅರ್ಧಕ್ಕರ್ಧ ಕಪ್ಪು.

"ಈ ಕಡೆಯ ನೋಟ ಎರಡು ಮೂರು ವರ್ಷದಿಂದ ಹೋಗ್ತಾ ಬಂದಿದೆ" ಎಂದರು ಡಾಕ್ಟರು. "ನಿಧಾನವಾಗಿ ಹೋಗೋದರಿಂದ ಹೋದದ್ದು ಗೊತ್ತಾಗಲ್ಲ. ಇನ್ನು ವಾಪಸ್ ಬರಲ್ಲ. ಅಲ್ಲಾ, ನಿಮಗೆ ಗೊತ್ತಾಗದಿದ್ರೂ ಪಕ್ಕದಲ್ಲಿ ಕೂರೋರಿಗೆ ಗೊತ್ತಾಗಿರುತ್ತಲ್ಲ? ಅವರು ಯಾರೂ ಹೇಳಲಿಲ್ವಾ ನಿಮಗೆ?"

ಹೇಳಿದ್ದಳು. ನಿನ್ನ ಅಮ್ಮ ಮೂರು ಸಲ ಹೇಳಿದ್ದಳು. "ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ ನಡೀರಿ" ಎಂದಾಗಲೆಲ್ಲ ಸೂರು ಹಾರಿಹೋಗುವ ಹಾಗೆ ಕೂಗಿದ್ದೆ. ನಾಲ್ಕು ಸಾವಿರ ಜನಕ್ಕೆ ಗಾಡಿ ಕಲಿಸಿದವನಿಗೆ ನೀನು ಕಣ್ಣು ಪರೀಕ್ಷೆ ಮಾಡಿಸ್ತೀಯಾ ಎಂದಿದ್ದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಬಿಟ್ಟು ಏನು ಮಾಡಿದಳು ಎಂದು ಈಗ ಒಂದೊಂದಾಗಿ ನೆನಪಾಗುತ್ತಿದೆ. ಆ ಗಾಡಿ ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಸೊಂಟ ಹಿಡಿಯುತ್ತದೆ ಎಂದು ಗೊಣಗುತ್ತಿದ್ದಳು. ಆದರೂ ನಾನು ಪೇಪರ್ ತರಲು ಹೊರಟರೂ "ಇರಿ, ನಾನೂ ಬರ್ತೀನಿ" ಎಂದು ಬರುತ್ತಿದ್ದಳು. ನಾನೆಲ್ಲಿ ಹೋಗುತ್ತೇನೆಂದು ಈ ವಯಸ್ಸಿನಲ್ಲಿ ಅನುಮಾನ ನೋಡು ಇವಳಿಗೆ ಎಂದು ನಿನ್ನೆದುರಿಗೇ ಗೇಲಿ ಮಾಡಿದ್ದೇನೆ, ನೀನೂ ನಕ್ಕಿದ್ದೀಯ. ದಾರಿಯುದ್ದಕ್ಕೂ "ಸ್ವಲ್ಪ ಈ ಕಡೆ ಬನ್ನಿ, ಸ್ವಲ್ಪ ಈ ಕಡೆ" ಎನ್ನುತ್ತಿದ್ದಳು. ಕೆಲವು ಸಲ ಮಾತಿಲ್ಲದೆ ಬೆರಳ ತುದಿಯಿಂದ ಸ್ಟೇರಿಂಗನ್ನು ತನ್ನ ಕಡೆಗೆ ಒಂದಿಷ್ಟು ಸರಿಸುತ್ತಿದ್ದಳು. ನಾನು ನೊಣ ಓಡಿಸುವ ಹಾಗೆ ಅವಳ ಕೈ ತಳ್ಳುತ್ತಿದ್ದೆ.

ಸೇತುವೆಯ ದಿನ ನಮ್ಮ ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದವನು ಪೊಲೀಸರಿಗೆ ಹೇಳಿದ್ದ, ಗಾಡಿ ತಪ್ಪು ಪಕ್ಕದಲ್ಲಿತ್ತು, ಎದುರಿಗೆ ಲಾರಿ ಬಂದಿತ್ತು ಎಂದು. ಲಾರಿಯೂ ಇಲ್ಲ, ಗೀರಿಯೂ ಇಲ್ಲ ಎಂದೆ ನಾನು. ವಿಚಾರಣೆಗೆ ಬಂದ ಅಧಿಕಾರಿ ನನ್ನ ಹತ್ತಿರವೇ ಗಾಡಿ ಕಲಿತವರು. "ನೀವು ಹೇಳಿದ ಮೇಲೆ ಮುಗೀತು ಸಾರ್" ಎಂದು ಬರೆದುಕೊಂಡು ಹೋದರು. ಅಲ್ಲಿಗೆ ಎಲ್ಲರ ಬಾಯಲ್ಲೂ ತಪ್ಪು ನಿನ್ನ ಅಮ್ಮನದಾಯಿತು. ನಾನು ಬೇಕೆಂದು ಸುಳ್ಳು ಹೇಳಲಿಲ್ಲ, ಲಾರಿ ನನಗೆ ನಿಜವಾಗಿ ಕಂಡಿರಲಿಲ್ಲ. ಹಾಗೆಂದು ಎಷ್ಟು ಸಲ ಹೇಳಿಕೊಂಡರೂ ಎದೆಯ ಮೇಲಿನ ಕಲ್ಲು ಒಂದಿಷ್ಟೂ ಸರಿಯುತ್ತಿಲ್ಲ. ಲಾರಿ ಬಲಗಡೆಯಿತ್ತು. ನಾನು ಬಲಗಡೆ ಕೂತಿದ್ದೆ. ಅವಳು ಗಾಡಿಯನ್ನು ತನ್ನ ಕಡೆಯ ಗೋಡೆಗೆ ಎಳೆದುಕೊಂಡಳು.

ಮೊನ್ನೆ ಷೆಡ್ಡಿಗೆ ಹೋಗಿ ಕೆಂಪು ಗಾಡಿಯ ಎಡಗಡೆ ಸೀಟಿನಲ್ಲಿ ಕೂತೆ. ಕಲಿಸುವಾಗ ಮೂವತ್ತೊಂದು ವರ್ಷ ಎಡಗಡೆಯೇ ಕೂತವನು ನನ್ನ ಸ್ವಂತ ಗಾಡಿಯಲ್ಲಿ ಒಂದು ಸಲವೂ ಅಲ್ಲಿ ಕೂತಿರಲಿಲ್ಲ. ಗ್ಯಾರೇಜಿನವನು ಬಾಗಿಲು ಬದಲಾಯಿಸಿದ್ದಾನೆ, ಬಣ್ಣ ಸ್ವಲ್ಪ ಬೇರೆಯಾಗಿದೆ. ಕಾಲಡಿಯ ಮ್ಯಾಟ್ ಮಾತ್ರ ಹಳೆಯದೇ. ಅದರಲ್ಲಿ ಬಲಗಾಲು ಬರುವ ಕಡೆ ಒಂದು ತೂತಿದೆ, ಹಿಮ್ಮಡಿಯಷ್ಟು ಅಗಲ. ಸ್ಕೂಲಿನ ಗಾಡಿಯಲ್ಲಿ ನನ್ನ ಕಾಲಡಿಯೂ ಹಾಗೇ ಸವೆದಿತ್ತು, ಆದರೆ ಅಲ್ಲಿ ಒತ್ತಲು ಒಂದು ಬ್ರೇಕ್ ಇತ್ತು. ಇಲ್ಲಿ ಅವಳಿಗೆ ಏನೂ ಇರಲಿಲ್ಲ. "ಇಲ್ಲದ ಬ್ರೇಕ್ ತುಳೀತಾಳೆ ನಮ್ಮ ಯಜಮಾನ್ತಿ" ಎಂದು ಬಂದವರಿಗೆಲ್ಲ ಆ ತೂತು ತೋರಿಸಿ ನಗಿಸಿದ್ದೇನೆ. ಅವಳೂ ಅವರ ಜೊತೆ ನಗುತ್ತಿದ್ದಳು. ಷೆಡ್ಡಿನ ಬಾಗಿಲು ಹಾಕಿಕೊಂಡು ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತೆ. ಅತ್ತರೆ ಹಗುರಾಗುತ್ತದೆ ಎಂದವರು ಯಾರೋ, ಅವರನ್ನು ಒಂದು ಸಲ ನೋಡಬೇಕು ಎನಿಸಿತು.

ನೀನು ಕೇಳಿದ ಕಾರ್ಡ್ ಈಗ ಬರೆಯುತ್ತಿದ್ದೇನೆ. ಹೊಸ ಗಾಡಿ ಪಾಸು. ಅದಕ್ಕೆ ಕೈ ಇದೆ, ಆ ಕೈಯನ್ನು ಯಾರೂ ತಳ್ಳಲು ಬರುವುದಿಲ್ಲ, ಬೈದರೆ ಬೇಸರ ಮಾಡಿಕೊಳ್ಳುವುದಿಲ್ಲ. ಹಳೆಯದೂ ಪಾಸು, ಅದರದೇನೂ ತಪ್ಪಿಲ್ಲ. ಮೇಷ್ಟ್ರು ಫೇಲು. ಲೈಸೆನ್ಸನ್ನು ನಿನ್ನೆ ಕಚೇರಿಗೆ ಹೋಗಿ ವಾಪಸ್ ಕೊಟ್ಟೆ. "ಇದನ್ನ ಯಾರೂ ತಾವಾಗಿ ಬಂದು ಕೊಡಲ್ಲ ಸಾರ್" ಎಂದ ಗುಮಾಸ್ತ, ಮೆಚ್ಚಿಕೊಂಡ ಹಾಗೆ. ಓಡಿಬಂದುಬಿಟ್ಟೆ. ಕೆಂಪು ಗಾಡಿಯನ್ನು ಬುಧವಾರ ಗ್ಯಾರೇಜಿನವನು ಬಂದು ಒಯ್ಯುತ್ತಾನೆ. ಮ್ಯಾಟ್ ತೆಗೆದಿಟ್ಟುಕೊಂಡಿದ್ದೇನೆ.

ಆ ಪೊಲೀಸ್ ಅಧಿಕಾರಿಗೂ ಕಾಗದ ಬರೆದಿದ್ದೇನೆ, ಸ್ಕೂಟರಿನವನು ಹೇಳಿದ್ದೇ ನಿಜವೆಂದು. ಅವರು ಏನು ಮಾಡುತ್ತಾರೋ ಮಾಡಲಿ. ಯಾರು ಏನು ಮಾಡಿದರೂ ಅವಳಿಗೆ ಗೊತ್ತಾಗುವುದಿಲ್ಲ.

ನೀನು ಚೆನ್ನಾಗಿರು, ತಾಯಿ. ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಕಣ್ಣು ಕಡೆಯತನಕ ಚೆನ್ನಾಗಿರಲಿ. ಇದು ವಂಶದಲ್ಲಿ ಬರುವ ಕಾಯಿಲೆಯಂತೆ, ವರ್ಷಕ್ಕೊಮ್ಮೆ ತೋರಿಸಿಕೋ. ಅಳಿಯಂದಿರು ಓಡಿಸುವಾಗ ನೀನು ಏನಾದರೂ ಹೇಳಿದರೆ ಅವರು ಕೇಳಲಿ. ಅವರಿಗೆ ನಾನು ಕೊಡುವ ಆಶೀರ್ವಾದವೂ ಅದೇ, ಬುದ್ಧಿಮಾತೂ ಅದೇ.

ಇಂತಿ,
ನಿನ್ನ ಅಪ್ಪ

ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದೂ ಅರ್ಧ ಸುಳ್ಳೇ ಆಗುತ್ತದೆ. ಆಸ್ಪತ್ರೆಯಲ್ಲಿ ಒಂಬತ್ತನೇ ದಿನ ನೀನು ಮಂಚದ ಕಂಬಿ ಹಿಡಿದು, "ಯಾಕಮ್ಮಾ ಸ್ಟೇರಿಂಗಿಗೆ ಕೈ ಹಾಕಿದೆ? ನಿನ್ನ ಭಯಕ್ಕೆ ಅಪ್ಪನೂ ಹೋಗಿಬಿಡ್ತಿದ್ರು" ಎಂದೆಯಲ್ಲ, ಆಗ ಅವಳ ಗಂಟಲಲ್ಲಿ ನಳಿಕೆಯಿತ್ತು, ಮಾತಾಡುವ ಹಾಗಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಆಮೇಲೆ ಅವಳು ನಿನಗೆ ಹೌದು, ತಪ್ಪಾಯಿತು ಎನ್ನುವ ಹಾಗೆ ತಲೆಯಾಡಿಸಿದಳು. ನೀನು ಸಿಟ್ಟಿನಲ್ಲಿ ಎದ್ದುಹೋದೆ. ಹನ್ನೊಂದನೇ ದಿನ ನೀನು ವಾಪಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈ ಎಂಟು ತಿಂಗಳಲ್ಲಿ ಒಂದು ಕಾಗದದಲ್ಲೂ ನೀನು ಅವಳ ಹೆಸರೆತ್ತಿಲ್ಲ. ಆ ಸಿಟ್ಟನ್ನು ಅವಳ ಮೇಲಿಂದ ತೆಗೆದು ನನ್ನ ಮೇಲೆ ಹಾಕು ಮಗಳೇ, ನಾನು ಬದುಕಿರುವಷ್ಟು ದಿನ.

ನೀನು ಹೋದ ಮೇಲೆ ನಡೆದದ್ದನ್ನು ಯಾರಿಗೂ ಹೇಳಿಲ್ಲ. ಅವಳು ನನ್ನ ಕೈ ಬಿಡಿಸಿ ಅಂಗೈಯ ಮೇಲೆ ಉಗುರಿನಿಂದ ಗೆರೆ ಎಳೆಯತೊಡಗಿದಳು. ನಾಲ್ಕು ನಿಂತ ಗೆರೆ, ಒಂದು ಅಡ್ಡ. ಮತ್ತೆ ನಾಲ್ಕು, ಮತ್ತೆ ಒಂದು ಅಡ್ಡ. "ಇಲ್ಲಿಗೆ ಬಂದು ಎಷ್ಟು ದಿನ ಆಯ್ತು ಅಂತ ಎಣಿಸ್ತಿದ್ದೀಯಾ? ಒಂಬತ್ತೇ ದಿನ ಕಣೇ" ಎಂದೆ. ಇಲ್ಲವೆಂದು ತಲೆಯಾಡಿಸಿ ಮತ್ತೆ ಎಳೆದಳು. ಅಷ್ಟು ವರ್ಷ ಕಾರ್ಡಿನಲ್ಲಿ ನಾನು ಎಳೆದ ಗೆರೆಗಳನ್ನು ಕೂಡಿಸಿದವಳು, ತಾನು ಎಷ್ಟು ಸಲ ಕೈ ಹಾಕಿದ್ದಳೆಂದು ನನಗೆ ಹೇಳುತ್ತಿದ್ದಳು. ಒಟ್ಟು ಎಷ್ಟಾಗುತ್ತಿತ್ತೋ ನನಗೆ ಗೊತ್ತಿಲ್ಲ. ಅವಳು ಇನ್ನೂ ಎಳೆಯುತ್ತಲೇ ಇದ್ದಳು. "ಸಾಕು, ಮಲಕೋ" ಎಂದು ನಾನೇ ಅವಳ ಕೈ ಹಿಡಿದು ಹೊದಿಕೆಯೊಳಗೆ ಇಟ್ಟುಬಿಟ್ಟೆ.